ಸಾಕ್ಷಿಯಾದ ಸೋಮಿ

ಬುಧವಾರ, 21 ಫೆಬ್ರವರಿ 1979

ಇಟ್ಟಂಗಿ ಭಟ್ಟಿಯವನು ಮಣ್ಣಿಗಾಗಿ ನಮ್ಮ ಸ್ಮಶಾನದ ಅಂಚನ್ನೇ ಅಗೆದುಬಿಟ್ಟಿದ್ದಾನೆ. ಮೂರು ವರ್ಷದ ಹಿಂದೆ ಕಾಮಾಲೆಯಿಂದ ತೀರಿಕೊಂಡ ನಮ್ಮ ಮಗಳು ಸೋಮಿಯನ್ನು ಹೂಳಿದ್ದು ಅಲ್ಲೇ. ಗುರುತಿನ ಕಲ್ಲನ್ನೂ ಕಿತ್ತೆಸೆದಿದ್ದಾನೆ. ಚದುರಿದ ಎಲುಬುಗಳ ನಡುವೆ ತಾನೇ ತೊಡಿಸಿದ್ದ ಹಸಿರು ಬಳೆ ಕಂಡು ನನ್ನ ಹೆಂಡತಿ ಸತ್ಯವ್ವ ಗುರುತು ಹಿಡಿದಳು.

ಸಿಟ್ಟಿನಲ್ಲಿ ಠಾಣೆಗೆ ಹೋಗಿ ದೂರು ಕೊಟ್ಟೆ. ಫೌಜದಾರರು ಒಳ್ಳೆಯವರು. "ಸಮಾಧಿ ಕೆಡಸೂದು ಅಪರಾಧ ಐತ್ರಿ, ಅವನ್ನ ಬಿಡೂದಿಲ್ಲ" ಎಂದರು. ಪಂಚನಾಮೆ ಮಾಡಿ, ಎಲುಬುಗಳನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿಸಿದರು. ನಾನು ಆ ಗಂಟಿಗೆ ಕೈಚಾಚಿದೆ.

"ಇದು ಸಾಕ್ಷಿ ಐತ್ರಿ. ಕೋರ್ಟ್ ಹೇಳೂತನಕ ಕೊಡಾಕ ಬರೂದಿಲ್ಲ."

ಮನೆಗೆ ಬಂದು ಸತ್ಯವ್ವನಿಗೆ ಹೇಳಿದೆ.

"ಅಂವಗ ಶಿಕ್ಷಾ ಆದ್ರ ನಮಗೇನ್ ಬರತೈತ್ರಿ? ನನ್ನ ಕೂಸಿನ್ನ ಮಣ್ಣಾಗ ಮಲಗಸ್ರಿ."

ನಾಳೆ ದೂರು ವಾಪಸ್ ಪಡೆಯಲು ಹೋಗುತ್ತೇನೆ. ಭಟ್ಟಿಯವನು ನಕ್ಕರೆ ನಗಲಿ. ಆದರೂ ಗಂಟು ಕೊಡದಿದ್ದರೆ ಇವಳಿಗೆ ಏನು ಹೇಳಲಿ?

ಅಣ್ಣ ಜಕ್ಕಪ್ಪ ನಮ್ಮ ಹೊಲದ ಬದುವಿನಲ್ಲಿ ಹೊಸ ಕುಣಿ ತೋಡಿ ಸಂಜೆಯವರೆಗೂ ಕಾದಿದ್ದನಂತೆ. ನಾನು ಬರಿಗೈಯಲ್ಲಿ ಬಂದದ್ದು ನೋಡಿ ಗುದ್ದಲಿ ಹೆಗಲಿಗೇರಿಸಿದ. ಕುಣಿ ಮುಚ್ಚಲು ಅವನಿಗೆ ಮನಸ್ಸಾಗಲಿಲ್ಲ. ಇನ್ನೂ ತೆರೆದೇ ಇದೆ, ಅಷ್ಟು ಸಣ್ಣ ಕುಣಿ...