ಚಿಟಿಕೆ ಸೋಡಾ

ಅಕ್ಕಾ,

ಇದು ನಿಮಗೆ ತಲುಪೋದಿಲ್ಲ; ನೀವು ಎಲ್ಲಿದ್ದೀರಿ ಅಂತ ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಇವತ್ತು ಆದದ್ದನ್ನು ಇನ್ಯಾರಿಗೆ ಹೇಳಲಿ?

ರೋಗಿಯೊಬ್ಬರ ಕರುಳಿನ ತುಣುಕಿಗೆ ನೀವು ಕಲಿಸಿದ ಹಾಗೇ ಬಣ್ಣ ಹಾಕಿ, ಗಡಿಯಾರ ನೋಡಿಕೊಂಡು ನಲ್ಲಿಯ ಕೆಳಗೆ ತೊಳೆದೆ. ಜೀವಕೋಶಗಳ ಒಳಗಿನ ನ್ಯೂಕ್ಲಿಯಸ್ ನೀಲಿಗೆ ತಿರುಗಲೇ ಇಲ್ಲ. ಒಳಪದರ, ಸ್ನಾಯು ಎಲ್ಲಾ ಒಂದೇ ಕೆಂಪು. ಮತ್ತೆ ಮಾಡಿದೆ, ಮತ್ತೆ ಅದೇ ಕಥೆ.

ಹೊಸ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ನಲ್ಲಿಗೆ ಫಿಲ್ಟರ್ ಹಾಕಿಸಿದಿರಾ?" ಅಂದರು. ಮೊನ್ನೆ ಹಾಕಿಸಿದ್ದೆವು.

"ಅದಕ್ಕೇ. ನೀರಿನ ಕ್ಷಾರ ಹೋದರೆ ನೀಲಿ ಬರಲ್ಲ. ತೊಳೆಯೋ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಸಾಕು."

ಹಾಕಿದೆ. ಕಣ್ಣೆದುರಿಗೇ ನೀಲಿಯಾಯಿತು.

ಲ್ಯಾಬಿಗೆ ಮೊದಲ ಫಿಲ್ಟರ್ ಬಂದಿದ್ದು ನಿಮ್ಮ ಸ್ಲೈಡುಗಳು ಸಾಲುಸಾಲಾಗಿ ಕೆಂಪಾದ ವಾರವೇ. ಆಗಿನ ಡಾಕ್ಟರು ಕರೆದು ಕೇಳಿದಾಗ ನಾನು, "ಅಕ್ಕ ಈಚೆಗೆ ಅವಸರ ಮಾಡ್ತಾರೆ, ಸರಿಯಾಗಿ ತೊಳೆಯಲ್ಲ" ಅಂದಿದ್ದೆ. ಬೆರಳು ಸುಕ್ಕುಗಟ್ಟುವವರೆಗೂ ನೀವು ನಲ್ಲಿಯ ಮುಂದೆ ನಿಂತಿದ್ದನ್ನು ನೋಡಿದವಳೂ ನಾನೇ. ನೀವು ಏಪ್ರನ್ ಮಡಿಚಿಟ್ಟು ಹೋದಿರಿ.

ಮರುವಾರ ಫಿಲ್ಟರ್ ಕೆಟ್ಟಿತು, ಬಿಚ್ಚಿಸಿದರು. ನನ್ನ ಸ್ಲೈಡುಗಳು ಚೆಂದದ ನೀಲಿಯಾಗಿ ಬಂದವು. ಎಲ್ಲರೂ ಕೈಗುಣ ಅಂದರು. ನಿಮ್ಮ ಕುರ್ಚಿಯಲ್ಲಿ ಕೂತು ಒಂಬತ್ತು ವರ್ಷವಾಯಿತು.

ಇವತ್ತು ಹಾಳಾದ ಸ್ಲೈಡುಗಳನ್ನು ಎತ್ತಿಡುವಾಗ ನನ್ನ ಮುಖ ನೋಡಿ ಹೊಸ ಡಾಕ್ಟರು, "ನಿಮ್ಮ ತಪ್ಪೇನಿಲ್ಲ, ಬಿಡಿ" ಅಂದರು.

ಆ ಮಾತು ನಿಮ್ಮದು, ಅಕ್ಕಾ. ತಪ್ಪಿ ನನ್ನ ಕೈಗೆ ಬಂದಿದೆ.