ದಿಬ್ಬಣಕ್ಕೆ ಬೇಡವಾದ ಗಾಡಿ

ಸಾಸಲು
20-4-1975, ಭಾನುವಾರ

ತಂಗಿ ಮುನಿತಾಯಮ್ಮನಿಗೆ ನಿನ್ನ ಅಣ್ಣ ವೆಂಕಟರಾಮಪ್ಪನ ಆಶೀರ್ವಾದಗಳು.

ಮೊದಲೆಲ್ಲ ನಿನ್ನ ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯುತ್ತಿದ್ದೆ. ಈಗ ಬರೆಯಬಾರದಂತೆ. ಬಿಟ್ಟಿದ್ದೇನೆ. ಏನೇನು ಬಿಡಬೇಕೋ ಎಲ್ಲ ಬಿಡಿಸುವುದಕ್ಕೆ ಊರಲ್ಲಿ ಜನ ಇದ್ದಾರೆ.

ಲಗ್ನಪತ್ರಿಕೆ ಮುಟ್ಟಿ ಇಷ್ಟು ದಿನವಾದರೂ ಉತ್ತರ ಬರೆಯಲಿಲ್ಲ ಎಂದು ತಪ್ಪು ತಿಳಿಯಬೇಡ. ಬರೆದಿದ್ದೆ. ಬರೆದದ್ದನ್ನು ನಿನ್ನ ಅತ್ತಿಗೆ ನರಸಮ್ಮ ಓದಿಸಿಕೊಂಡು ಕೇಳಿ ಒಲೆಗೆ ಹಾಕಿದಳು. "ಒಡಹುಟ್ಟಿದೋಳಿಗೆ ಹಿಂಗೆಲ್ಲಾ ಬರೀತಾರಾ? ಕೈ ತೊಳ್ಕೊಂಡು ಬೇರೆ ಬರೀರಿ" ಎಂದಳು. ಇದನ್ನು ಅವಳಿಗೆ ಹೇಳದೆ ಬರೆಯುತ್ತಿದ್ದೇನೆ. ಅವಳ ಮಂಡಿನೋವು ಹಾಗೇ ಇದೆ. ಕಪ್ಪು ಹಸು ಹೆಣ್ಣುಗರು ಹಾಕಿದೆ. ಕೆರೆ ಅಂಗಳದ ಹೊಲಕ್ಕೆ ಗೊಬ್ಬರ ಹೊಡೆದಾಯಿತು, ನಮ್ಮ ಈ ಮೋಟಾರು ಗಾಡಿಯಲ್ಲೇ ಹೊಡೆದದ್ದು. ಗೊಬ್ಬರಕ್ಕೆ ಈ ಗಾಡಿ ಆಗುತ್ತದೆ. ನಿನ್ನ ಮಗಳ ಮದುವೆಗೆ ಆಗುವುದಿಲ್ಲ.

ನಿನ್ನ ಮೈದುನ ಪಿಳ್ಳಣ್ಣ ಪತ್ರಿಕೆ ತಂದ ದಿನ ಏನಾಯಿತೆಂದು ಅವನು ನಿನಗೆ ಅರ್ಧ ಹೇಳಿರುತ್ತಾನೆ. ಪೂರ್ತಿ ನಾನು ಹೇಳುತ್ತೇನೆ. ಅರಿಶಿನ ಕುಂಕುಮದ ತಟ್ಟೆ ಇಟ್ಟ, ಕೈ ಮುಗಿದ, ಮಜ್ಜಿಗೆ ಕುಡಿದ. ನಾನು ಖುಷಿಯಲ್ಲಿ, "ಗಾಡಿಗೆ ಹೊಸಾ ಬಣ್ಣ ಹೊಡೆಸಿದ್ದೀನಿ ಕಣಪ್ಪಾ, ದಿಬ್ಬಣ ಹೊರಡೋ ಹಿಂದಿನ ದಿವ್ಸಾನೇ ನಿಮ್ ಬೂದಿಗೆರೇಲಿ ಇರ್ತೀನಿ" ಎಂದೆ. ಅವನು ಲೋಟದ ತಳ ನೋಡುತ್ತಾ ಕೂತ.

"ಯಜಮಾನ್ರೇ, ನೀವು ಬಸ್ಸಿಗೇ ಬಂದ್ಬಿಡಿ."

"ಯಾಕ್ಲಾ?"

"ಗಂಡಿನ ಕಡೇರು ಒಂದ್ ಮಾತು ಅಂದವ್ರೆ. ಹೆಣ ತಂದ ಗಾಡೀಲಿ ಹೆಣ್ಣು ಬಂದ್ರೆ ದೊಡ್ಡಬೆಳವಂಗಲದ ಗಡಿ ಒಳಕ್ಕೆ ಬಿಡಾಕಿಲ್ವಂತೆ."

"ನನ್ ತಂಗಿ ಏನಂದ್ಲು?"

"ಅತ್ತಿಗೆ ಹೂಂ ಅಂದ್ರು."

ಅಷ್ಟೇ. ನಾನು ಅವನ ಕೈಯಿಂದ ಲೋಟ ಕಿತ್ತುಕೊಂಡು ಅಂಗಳಕ್ಕೆ ಎಸೆದದ್ದು ನಿಜ. ಅವನಿಗೆ ಹೊಡೆಯಲಿಲ್ಲ. ಹೊಡೆದೆ ಎಂದು ಹೇಳಿದ್ದರೆ ಸುಳ್ಳು.

ಮುನಿತಾಯಿ, ಈ ಗಾಡಿಯನ್ನು ತಂದವರು ಯಾರು? ನಾನೊಬ್ಬನೇನಾ? ಮಿಲಿಟರಿಯವರು ಹಳೇ ಗಾಡಿಗಳನ್ನು ಹರಾಜು ಹಾಕಿ ಗುಡ್ಡೆ ಮಾಡಿದ್ದ ಬೆಂಗಳೂರಿನ ಆ ಬಯಲಿಗೆ ನನ್ನನ್ನು ಎಳೆದುಕೊಂಡು ಹೋದವನು ನಿನ್ನ ಗಂಡ ಲಕ್ಷ್ಮಯ್ಯ. ಯುದ್ಧದ ಕಾಲದ ಡಾಜ್ ಟ್ರಕ್ಕು, ಅಮೆರಿಕದವರು ಬಿಟ್ಟುಹೋದದ್ದು, ಸ್ಟೇರಿಂಗು ಎಡಗಡೆ. ಬಾನೆಟ್ಟಿನೊಳಗಿಂದ ತೊಂಡೆಬಳ್ಳಿ ಮೇಲೆ ಬಂದು ಕಾಯಿ ಬಿಟ್ಟಿತ್ತು. ನಾನು ನಕ್ಕೆ. ಅವನು ನಗಲಿಲ್ಲ. ಕೆಳಗೆ ತೂರಿ ಮಲಗಿ ನೋಡಿ, ಮೈಯೆಲ್ಲಾ ಮಸಿ ಮಾಡಿಕೊಂಡು ಎದ್ದು, "ಭಾವ, ಇದಕ್ಕೆ ನಾಕು ಗಾಲೀನೂ ಎಳೀತವೆ. ಮುಂದ್ಗಡೆ ಗಾಲಿಗೂ ಗೇರು ಅದೆ. ನಮ್ಮೂರ ಕೆಸ್ರಿಗೆ ಇಂಥದ್ದೇ ಬೇಕು" ಎಂದ.

ಎತ್ತುಗಳಿಂದ ಎಳೆಸಿಕೊಂಡು ದೊಡ್ಡಬಳ್ಳಾಪುರದ ರಹೀಂ ಸಾಬರ ಶೆಡ್ಡಿಗೆ ತಂದು ಹಾಕಿದೆವು. ದಾರಿಯುದ್ದಕ್ಕೂ ಜನ, "ಗೌಡ್ರು ಗುಜರಿ ಮದ್ವೆ ಮಾಡ್ಕೊಂಡ್ ಬತ್ತಾವ್ರೆ" ಎಂದು ಕೂಗಿದರು. ಒಂದು ಮಳೆಗಾಲ, ಒಂದು ಬೇಸಿಗೆ. ಕೆಲವು ಸಾಮಾನು ಕಳಾಸಿಪಾಳ್ಯದಲ್ಲಿ ಸಿಕ್ಕಿತು, ಸಿಗದ್ದನ್ನು ಸಾಬರು ಕಾಯಿಸಿ ಬಡಿದು ಮಾಡಿದರು. ಹಿಂದಿನ ತೊಟ್ಟಿಗೆ ಹೊನ್ನೆ ಹಲಗೆ ಹಾಕಿದವನು ಲಕ್ಷ್ಮಯ್ಯ. ಹಿಂದಿನ ಹಲಗೆಯ ಮೇಲೆ ಮುತ್ಯಾಲಮ್ಮ ಕೃಪೆ ಎಂದು ಹಳದಿ ಬಣ್ಣದಲ್ಲಿ ಬರೆದವನೂ ಅವನೇ. ಇಂಜಿನ್ ಮೊದಲ ಸಲ ಹಿಡಿದುಕೊಂಡಾಗ ಅವನು ಎಳೇ ಮಗುವಿನ ಹಾಗೆ ಹಾರನ್ ಒತ್ತಿದ್ದೇ ಒತ್ತಿದ್ದು. ಸಾಬರು, "ಸಾಕು ಬಿಡಪ್ಪಾ, ಬ್ಯಾಟ್ರಿ ಸತ್ತೋಗ್ತದೆ" ಎಂದು ಗದರಿದರು.

ಆಮೇಲೆ ಸುತ್ತಮುತ್ತ ಯಾರ ಮದುವೆ ಈ ಗಾಡಿ ಇಲ್ಲದೆ ಆಗಿದೆ, ಹೇಳು. ಬಸ್ಸು ಹೋಗದ ಹಳ್ಳಿಗೆಲ್ಲ ನಾನು ಹೆಣ್ಣು ಮುಟ್ಟಿಸಿದ್ದೇನೆ. ಬಾಳೆಕಂದು ಕಟ್ಟಿ, ಮಾವಿನ ತೋರಣ ಕಟ್ಟಿ, ಹಳ್ಳ ಬಂದರೆ ಚಿಕ್ಕ ಗೇರು ಎಳೆದು ಹಳ್ಳ ದಾಟಿಸಿ. ನಿನ್ನ ಕದಿರಮ್ಮ ಆಗ ಲಂಗ ಹಾಕುತ್ತಿದ್ದ ಹುಡುಗಿ. ಮುಂದಿನ ಸೀಟಿನಲ್ಲಿ ಅಪ್ಪನ ತೊಡೆ ಮೇಲೆ ಕೂತು, "ಮಾವ, ನನ್ ಮದ್ವೇಗೂ ಇದ್ರಲ್ಲೇ" ಎಂದಳು. ಲಕ್ಷ್ಮಯ್ಯ, "ಅವತ್ತು ಮಾತ್ರ ನಿಧಾನಕ್ ಓಡ್ಸು ಭಾವ, ನನ್ ಮಗ್ಳ ಜಡೆ ಬಿಲ್ಲೆ ಬಿದ್ದೋದಾತು" ಎಂದ. ನೀನು ಹಿಂದೆ ತೊಟ್ಟಿಯಲ್ಲಿ ಕೂತು ನಗುತ್ತಿದ್ದೆ. ಮರೆತೆಯಾ?

ಅವನಿಗೆ ಕಾಮಾಲೆ ಏರಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದು ಈ ಗಾಡಿಯಲ್ಲಿ. ವಾಪಸ್ಸು ತಂದದ್ದೂ ಇದರಲ್ಲಿ. ಅವತ್ತು ಮಳೆ ಹೇಗಿತ್ತೆಂದು ನಿನಗೆ ಗೊತ್ತು. ಬೂದಿಗೆರೆ ಕ್ರಾಸಿನಿಂದ ಆಚೆಗೆ ಬಸ್ಸು ನಿಂತುಹೋಗಿತ್ತು, ಬಾಡಿಗೆ ಕಾರಿನವನು ಆಗಲ್ಲ ಎಂದು ಕೈ ಆಡಿಸಿಬಿಟ್ಟ. ನಿನ್ನ ಗಂಡನನ್ನು ನಿನ್ನ ಬಾಗಿಲಿಗೆ ತಂದು ನಿಲ್ಲಿಸುವುದಕ್ಕೆ ಬೇರೆ ಯಾವ ಗಾಡಿಗೂ ಯೋಗ್ಯತೆ ಇರಲಿಲ್ಲ. ಇದು ತಂತು.

ಅದಕ್ಕೆ ನೀವೆಲ್ಲ ಕೊಟ್ಟ ಹೆಸರು ಹೆಣದ ಗಾಡಿ. ತಿಥಿಯ ದಿನ ಊಟದ ಪಂಕ್ತಿಯಲ್ಲೇ ಒಬ್ಬ ಶುರು ಮಾಡಿದ, "ಹೆಣಾನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು, ಹಾರನ್ ಹೊಡ್ಕೊಂಡು ಬಂದ್ರಲ್ಲಾ ಯಜಮಾನ್ರು, ಮೆರವಣಿಗೆ ಏನಾದ್ರೂ ಇತ್ತಾ?" ನಾನು ಎಲೆ ಬಿಟ್ಟು ಎದ್ದೆ. ನೀನಾದರೂ ಅವನ ಬಾಯಿ ಮುಚ್ಚಿಸುತ್ತೀಯೆ ಎಂದುಕೊಂಡೆ. ನೀನು ಹೇಳಿದ್ದೇನು? "ನಾನು ಒಳಗೆ ಮುದ್ದೆ ತಿರುವ್ತಿದ್ದೆ. ಅಣ್ಣ ಬಂದವ್ನೆ, ಬೀದಿಗೆಲ್ಲಾ ಕೇಳ್ಲಿ ಅಂತ ಹೊಡೀತಾವ್ನೆ, ಹೊಡ್ಕೊಳ್ಳಿ ಅಂತ ಮುದ್ದೆ ಇಳಿಸೇ ಆಚೆ ಬಂದೆ. ಹೆಣ ತರೋವಾಗ ಯಾರಾದ್ರೂ ಹಾರನ್ ಹೊಡೀತಾರಾ ಅಣ್ಣಾ?" ಅಷ್ಟು ಜನರ ಮುಂದೆ.

ನಾನು ಬಾಯಿ ಬಿಡಲಿಲ್ಲ. ಸಿಟ್ಟಿನ ಮನುಷ್ಯ ಸುಮ್ಮನಿದ್ದರೆ ತಪ್ಪಿತಸ್ಥ ಎಂದು ಜನ ತಿಳಿಯುತ್ತಾರೆ. ತಿಳಿದುಕೊಳ್ಳಲಿ.

ಊರಿಗೆ ಬಂದು ಗಾಡಿಗೆ ಗಂಜಲ ಚಿಮುಕಿಸಿದೆ, ಗಾಲಿಗೆ ನಿಂಬೆಹಣ್ಣು ಕೊಟ್ಟೆ, ಗುಡಿಯ ಮುಂದೆ ಕುಂಬಳಕಾಯಿ ಒಡೆಸಿದೆ. ಪೂಜಾರಿ ದೊಡ್ಡಬೀರಪ್ಪ, "ಎಲ್ಲಾ ಹೋಯ್ತು, ಇನ್ನು ಶುಭಕ್ಕೆ ಬಿಡು" ಎಂದ. ಅವನ ಮಗಳ ಮದುವೆಗೆ ಅವನೇ ಹೊಸಕೋಟೆಯಿಂದ ವ್ಯಾನು ತರಿಸಿದ. ಅವತ್ತಿನಿಂದ ಒಂದು ಹೆಣ್ಣೂ ಇದನ್ನು ಹತ್ತಿಲ್ಲ. ಬರುವವರೆಲ್ಲ ಮುಖ ಇಳಿಬಿಟ್ಟುಕೊಂಡು ಬರುತ್ತಾರೆ, "ಬೆಂಗ್ಳೂರ್ ಆಸ್ಪತ್ರೆಯಿಂದ ಒಂದು ತರ್ಬೇಕಾಗಿತ್ತು ಯಜಮಾನ್ರೇ." ತರುತ್ತೇನೆ. ಇನ್ಯಾರು ತರುತ್ತಾರೆ?

ಒಂದು ಮಾತು ಕೇಳು, ಆಮೇಲೆ ನನ್ನನ್ನು ಬೈದುಕೋ. ಮದುವೆಯ ದಿನ ಧಾರೆಯ ಹೊತ್ತಿಗೆ ನಿನ್ನನ್ನು ಹಸೆಯ ಹತ್ತಿರ ಬಿಡುತ್ತಾರಾ? ಹೆತ್ತವಳು ನೀನು, ಸಾಕಿದವಳು ನೀನು, ನಿನ್ನನ್ನು ಒಳಕೋಣೆಗೆ ಕಳಿಸಿ ಮುತ್ತೈದೆಯರನ್ನು ಕರೆಯುತ್ತಾರೆ. ಯಾರು ಸತ್ತದ್ದಕ್ಕೆ ನಿನ್ನನ್ನು ಪಕ್ಕಕ್ಕೆ ನಿಲ್ಲಿಸುತ್ತಾರೋ ಅವನೇ ಸತ್ತದ್ದಕ್ಕೆ ನನ್ನ ಗಾಡಿಯನ್ನೂ ನಿಲ್ಲಿಸುತ್ತಿದ್ದಾರೆ. ಯಾರು ಹೂಂ ಎಂದರೂ ನೀನು ಹೂಂ ಎನ್ನಬಾರದಾಗಿತ್ತು. ಮಗಳ ಮದುವೆ ಮುರಿದರೆ ಎಂದು ನೀನು ಹೆದರಿದೆ, ಗೊತ್ತು. ನಾನು ದಡ್ಡನಲ್ಲ, ಹೆಚ್ಚು ಓದದವನು ಅಷ್ಟೆ. ಆದರೂ ನೋಯುತ್ತದೆ.

ಹೆದರಬೇಡ, ಬರುತ್ತೇನೆ. ಬಸ್ಸಿಗೇ ಬರುತ್ತೇನೆ. ಸೋದರಮಾವನಾಗಿ ಕದಿರಮ್ಮನ ಕೈ ಹಿಡಿದು ಹಸೆಗೆ ಕರೆತರುವುದು ನನ್ನ ಕೆಲಸ, ಅದನ್ನು ಯಾವ ಬೀಗರಿಗೂ ಬಿಟ್ಟುಕೊಡುವುದಿಲ್ಲ. ಗಾಡಿ ಹುಣಸೆಮರದ ಕೆಳಗೆ ಇರುತ್ತದೆ. ಹೊಸ ಬಣ್ಣ ಆಗಲೇ ಹೊಡೆಸಿಬಿಟ್ಟಿದ್ದೆ, ಅದು ಇರಲಿ. ಲಕ್ಷ್ಮಯ್ಯ ಬರೆದ ಅಕ್ಷರದ ಮೇಲೆ ಮಾತ್ರ ಬಣ್ಣ ಹೊಡೆಯಲು ಬಿಡಲಿಲ್ಲ.

ಮಗುವಿಗೆ ನನ್ನ ಆಶೀರ್ವಾದ ಹೇಳು. ಹೋದ ಮನೆಯಲ್ಲಿ ತಲೆ ಎತ್ತಿಕೊಂಡು ಬಾಳಲಿ, ಈ ಸೋದರಮಾವನ ಸಿಟ್ಟು ಅವಳಿಗೆ ಅಂಟದಿರಲಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಣ್ಣ,
ವೆಂಕಟರಾಮಪ್ಪ

ತಾ.ಕ.: ಇಲ್ಲಿಂದ ಮುಂದಿನದನ್ನು ಕದಿರಮ್ಮನ ಕೈಯಲ್ಲಿ ಓದಿಸಬೇಡ. ಕೂಲಿಮಠದಲ್ಲಿ ನನ್ನ ಪಕ್ಕ ಕೂತು ಕಲಿತವಳು, ಅಕ್ಷರ ಕೂಡಿಸಿಕೊಂಡು ನೀನೇ ಓದು. ಹೇಳಬಾರದು ಎಂದಿದ್ದೆ. ನೀನು ಹೂಂ ಎಂದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಲಕ್ಷ್ಮಯ್ಯ ಆಸ್ಪತ್ರೆಯಲ್ಲೇ ತೀರಿಹೋದ ಎಂದು ನಾನು ಹೇಳಿದ್ದು ಸುಳ್ಳು. ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಹಿಂದೆ ಮಲಗು ಎಂದರೆ ಕೇಳಲಿಲ್ಲ, ಮುಂದೆ ಕೂತು ಮಾತಾಡುತ್ತಲೇ ಬಂದ. ಕೆರೆ ಏರಿ ಇಳಿದು ನಿಮ್ಮ ಬೀದಿಗೆ ತಿರುಗಿದಾಗ, "ಹಾರನ್ ಹೊಡಿ ಭಾವ, ಅವ್ಳು ಆಚೆ ಬರ್ಲಿ, ನೋಡ್ತೀನಿ" ಎಂದ. ಕೆಸರಲ್ಲಿ ನನ್ನ ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು. ಅವನೇ ಬಗ್ಗಿ ಕೈ ಚಾಚಿ ಒತ್ತಿದ. ಬಾಗಿಲು ಬರುವವರೆಗೂ ಬಿಡಲಿಲ್ಲ. ಆಮೇಲೆ ಕೈ ಜಾರಿ ಹಾರನ್ ನಿಂತಿತು. ಪಿಳ್ಳಣ್ಣ ಓಡಿಬಂದು ಮುಟ್ಟಿ, "ಮೈ ಇನ್ನೂ ಬೆಚ್ಚಗದಲ್ಲಾ" ಎಂದಾಗ, "ಇಂಜಿನ್ ಕಾವು ಕಣ್ಲಾ" ಎಂದು ಗದರಿದೆ. ಅಷ್ಟು ಹೊತ್ತಿಗೆ ನೀನು ಕೈಗೆ ಅಂಟಿದ ಹಿಟ್ಟು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದೆ.