ದೊಡ್ಡ ಗಾಜಿನ ಕ್ಯಾಮೆರಾ

ಕೇಪ್ ಕೋಸ್ಟ್
12 ನವೆಂಬರ್ 1978

ಮಗಳೇ ಅರಾಬಾ,

ನಾವಿಲ್ಲಿ ಕ್ಷೇಮ. ತಮಾಲೆಯ ಒಣಗಾಳಿಯಲ್ಲಿ ನೀನೂ ಮಕ್ಕಳೂ ಹೇಗಿದ್ದೀರೋ. ನಿನ್ನ ಎರಡೂ ಪತ್ರಗಳಿಗೆ ಉತ್ತರ ಬರೆಯದೆ ಕೂತೆನೆಂದು ಬೈಯಬೇಡ. ಅಕ್ಷರ ಇಷ್ಟು ದಪ್ಪ ಯಾಕೆಂದು ನಗಲೂಬೇಡ. ಲೇಖನಿಯ ಮೊನೆ ಹಾಳಾಗಿದೆ.

ನೀನು ಕೇಳಿದ್ದು ನಿಜ. ಕುತ್ತಿಗೆಗೆ ನೇತುಹಾಕಿ ಮೇಲಿನಿಂದ ಬಗ್ಗಿ ನೋಡುತ್ತಿದ್ದ ಆ ಚೌಕದ ಕ್ಯಾಮೆರಾ ಪೆಟ್ಟಿಗೆ ಸೇರಿತು. ಸೆಕೊಂಡಿಯಲ್ಲಿ ಅಂಗಡಿ ಮುಚ್ಚಿದ ಮುದುಕನೊಬ್ಬನ ಮರದ ಕ್ಯಾಮೆರಾ ಕೊಂಡುತಂದೆ. ನಿನ್ನ ಅಮ್ಮ ಬಾಗಿಲಲ್ಲೇ ತಡೆದಳು: "ಏನ್ರೀ, ಕ್ಯಾಮೆರಾನೋ ಶವಪೆಟ್ಟಿಗೆನೋ? ನಿಮ್ಮಳತೆ ಕೊಟ್ಟು ಮಾಡಿಸ್ದಂಗಿದೆ!"

ಗಿರಾಕಿಗಳಿಗೆ ಹೇಳುವ ಕಾರಣವನ್ನೇ ನಿನಗೂ ಹೇಳುತ್ತೇನೆ. ನಮ್ಮಲ್ಲಿ ಸತ್ತವರ ಪಟ ಶವದ ಪಕ್ಕ ಆಳೆತ್ತರಕ್ಕೆ ನಿಲ್ಲಬೇಕಲ್ಲ. ಬದುಕಿರುವಾಗಲೇ ಬಂದು ತೆಗೆಸಿಟ್ಟುಕೊಳ್ಳುತ್ತಾರೆ. ಸಣ್ಣ ಫಿಲ್ಮನ್ನು ಅಷ್ಟು ಹಿಗ್ಗಿಸಿದರೆ ಕಣ್ಣುರೆಪ್ಪೆಯೆಲ್ಲ ಮರಳಾಗುತ್ತದೆ. ಇದರ ಅಂಗೈಗಿಂತ ಅಗಲದ ಫಿಲ್ಮ್ ಹಾಳೆಯಲ್ಲಿ ಒಂದೊಂದು ಸುಕ್ಕೂ ಉಳಿಯುತ್ತದೆ. ಒಂದು ಹಾಳೆಗೆ ಒಂದೇ ಚಿತ್ರ. ಹಾಗಾಗಿ ಕೂತವರೂ ಅವಸರ ಬಿಟ್ಟು, ತಮ್ಮ ನಿಜವಾದ ಮುಖ ಹೊತ್ತು ಕೂರುತ್ತಾರೆ.

ಕಳೆದ ವಾರ ಒಂದು ತಮಾಷೆ ಆಯಿತು. ಹಾಳೆ ಇಡುವ ಚೌಕಟ್ಟಿಗೆ ಮುಚ್ಚಳವಿರುತ್ತದೆ: ಬಿಳಿ ಅಂಚು ಕಂಡರೆ ಹೊಸ ಹಾಳೆ, ಕಪ್ಪು ಕಂಡರೆ ತೆಗೆದು ಮುಗಿದದ್ದು. ಮೀನಿಗೆ ಹೊಗೆ ಹಾಕುವ ಎಸಿ ಅಜ್ಜಿಯನ್ನು ತೆಗೆದಿದ್ದ ಹಾಳೆಯ ಮೇಲೆಯೇ ಚರ್ಚಿನ ಉಪದೇಶಿ ಕ್ವಾನ್ಸಾರನ್ನೂ ತೆಗೆದುಬಿಟ್ಟೆ. ತೊಳೆದು ನೋಡಿದರೆ ಅಜ್ಜಿಗೆ ಗಡ್ಡ! ಅವಳು ಸೊಂಟಕ್ಕೆ ಕೈಯಿಟ್ಟು, "ಅಲ್ವೋ ಕೊಬಿನಾ, ಬದುಕಿದ್ದಾಗ ಚರ್ಚಿಗೆ ಹೋಗ್ಲಿಲ್ಲ ಅಂತ ಸತ್ಮೇಲೆ ಉಪದೇಶೀನ ಮೈಮೇಲೆ ಹತ್ತಿಸ್ತೀಯೇನೋ?" ಅಂದಳು. ಬೀದಿಯೆಲ್ಲ ನಕ್ಕಿತು.

ನಿನ್ನ ಅಮ್ಮ ಮಾತ್ರ ನಗಲಿಲ್ಲ. ಚೌಕಟ್ಟನ್ನು ನನ್ನ ಮುಂದೆ ಹಿಡಿದು, "ಈ ಅಂಚು ಯಾವ ಬಣ್ಣ ರೀ?" ಎಂದು ಕೇಳಿದಳು. ನಾನು ಊಟಕ್ಕೆ ಬಡಿಸು ಎಂದೆ. ಮೆಕ್ಕೆಜೋಳದ ಕಡುಬು ಕೆಂಕೆಯ ಎಲೆ ಬಿಡಿಸಿ, ಮೀನಿನ ಮುಳ್ಳನ್ನೂ ತೆಗೆದು ಮುಂದಿಟ್ಟಳು. ಇಷ್ಟು ವರ್ಷದಲ್ಲಿ ಹಾಗೆ ಮಾಡಿದವಳಲ್ಲ.

ನಿನ್ನ ಒಲೆ ಆರದಿರಲಿ, ಮಕ್ಕಳು ನಿನಗಿಂತ ಎತ್ತರ ಬೆಳೆಯಲಿ.

ನಿನ್ನ ಅಪ್ಪ,
ಕೊಬಿನಾ ಎಶುನ್

ತಾ.ಕ.: ಲೇಖನಿಯ ಮೊನೆ ಚೆನ್ನಾಗಿಯೇ ಇದೆ. ಹಳೆಯ ಕ್ಯಾಮೆರಾದ ಪುಟ್ಟ ಗಾಜಿನಲ್ಲಿ ನನಗೆ ಮುಖಗಳು ಕಾಣದಾಗಿ ಒಂದು ಮಳೆಗಾಲ ಕಳೆಯಿತು. ಇದರ ಗಾಜು ದೊಡ್ಡದು. ಕಪ್ಪು ಬಟ್ಟೆ ಹೊದ್ದು ಮೂಗು ತಾಗಿಸಿದರೆ, ತಲೆಕೆಳಗಾಗಿಯಾದರೂ ಇನ್ನೂ ಸಿಗುತ್ತವೆ. ಕಣ್ಣಿನಿಂದ ಹೋದ ಬೆಳಕು ಮರಳುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಎಂದರು ಡಾಕ್ಟರು. ಕ್ರಿಸ್‌ಮಸ್‌ವರೆಗೆ ಕಾಯಬೇಡ ಮಗಳೇ. ಬಂದು ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಅಲುಗಾಡದೆ ಕೂರು. ಫಿಲ್ಮ್ ಹಾಕುವುದಿಲ್ಲ.